ಬಚ್ಚಲ ಹಿಂದಿನ ಬಳ್ಳಿ

ಪುಟ್ಟಸಿದ್ದಮ್ಮ ಭಾನುವಾರ ಬೆಳಗ್ಗೆ ಯಾರೊಂದಿಗೂ ಮಾತಾಡುವುದಿಲ್ಲ ಎಂಬುದು ಗೋಪಾಲಸ್ವಾಮಿ ಬೆಟ್ಟದ ಬುಡದ ಆ ಹಳ್ಳಿಯಲ್ಲಿ ಎಳೆಮಕ್ಕಳಿಗೂ ಗೊತ್ತಿತ್ತು. ಕೋಳಿ ಕೂಗುವ ಹೊತ್ತಿಗೆ ಎದ್ದು, ತಲೆಗೆ ನೀರು ಹಾಕಿಕೊಂಡು, ಹೆಗಲ ಮೇಲೊಂದು ಟವೆಲು ಇಳಿಬಿಟ್ಟು ಅವಳು ಕಾಡಿನ ಕಡೆ ಹೊರಟಳೆಂದರೆ ಡೈರಿಗೆ ಹಾಲು ಹಾಕಲು ಹೋಗುವವರೂ ಕ್ಯಾನು ಹಿಡಿದು ಪಕ್ಕಕ್ಕೆ ಸರಿಯುತ್ತಿದ್ದರು. ಆಗ ಮಾತಾಡಿಸಿದರೆ ಮದ್ದು ಮುರಿಯುತ್ತದೆ. ಅವಳ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ಹುರುಳಿ ಹೋಗುತ್ತಿತ್ತು. ಹುರುಳಿಕಾಳಿನ ಬಣ್ಣದ ಹೆಣ್ಣುನಾಯಿ ಅದು. ರಾತ್ರಿ ಗಾಡಿ ಬಿಡದ ಬಂಡೀಪುರದ ಗೇಟಿನಲ್ಲಿ ಸಾಲುಗಟ್ಟಿ ನಿಂತ ಲಾರಿಗಳ ನಡುವೆ ಯಾರೋ ಬಿಟ್ಟುಹೋಗಿದ್ದ ಮರಿಯನ್ನು ಅವಳ ಮಗ ಶಿವಮಲ್ಲು ಅಂಗಿಯೊಳಗೆ ಇಟ್ಟುಕೊಂಡು ತಂದಿದ್ದ. ಆರು ವರ್ಷದಿಂದ ಆ ನಾಯಿ ಪುಟ್ಟಸಿದ್ದಮ್ಮನ ಸೆರಗು ಬಿಟ್ಟಿರಲಿಲ್ಲ.

ಅವಳು ಕೊಡುತ್ತಿದ್ದುದು ನಾಯಿಗಳಿಗೆ ನಾಟಿ ಮದ್ದು. ಕಜ್ಜಿಯಾದರೆ ಹೊಂಗೆ ಎಣ್ಣೆಗೆ ಗಂಧಕ ಕಲಸಿ ಹಚ್ಚಿ, ಗಾಯಕ್ಕೆ ಹುಳ ಬಿದ್ದರೆ ಸೀತಾಫಲದ ಎಲೆ ಅರೆದು ಹಿಂಡಿ, ರಕ್ತ ಹೀರುವ ಉಣ್ಣೆ ಹತ್ತಿದರೆ ಬೇವಿನೆಣ್ಣೆ ತಿಕ್ಕಿ ಒಂದೊಂದಾಗಿ ಕೀಳಿ ಎಂದು ಕೇಳಿದವರಿಗೆಲ್ಲ ಬಾಯಿಬಿಟ್ಟು ಹೇಳಿಕೊಡುತ್ತಿದ್ದಳು. ಗುಟ್ಟಿದ್ದುದು ಒಂದೇ, ಜ್ವರದ ಮದ್ದು. ನಾಯಿ ಊಟ ಬಿಟ್ಟು, ಮೂಗು ಒಣಗಿ, ಒಸಡು ಬೆಳ್ಳಗಾಗಿ ಮಲಗಿಬಿಟ್ಟರೆ ಕೊಡುವ ಮದ್ದು. ಅದಕ್ಕಾಗಿ ಚಾಮರಾಜನಗರದಿಂದ ಕಾರಿನಲ್ಲಿ, ಪುಣಜನೂರು ಕಡೆಯಿಂದ ಬೈಕಿನಲ್ಲಿ ನಾಯಿಗಳು ಬರುತ್ತಿದ್ದವು. ಅದಕ್ಕೆ ಕಾಸು ಮುಟ್ಟುವಂತಿಲ್ಲ, ಎಲೆ ಅಡಿಕೆ, ಒಂದು ತೆಂಗಿನಕಾಯಿ ಅಷ್ಟೆ. ಯಾವ ಸೊಪ್ಪು ಎಂದು ಕೇಳುವಂತಿಲ್ಲ. ಕುಡಿಸಿದ ಮೇಲೆ ‘ಬತ್ತೀವಿ’ ಎನ್ನುವಂತಿಲ್ಲ, ತಿರುಗಿ ನೋಡುವಂತಿಲ್ಲ. ನಾಯಿಯನ್ನು ಎತ್ತಿಕೊಂಡು ಸುಮ್ಮನೆ ನಡೆದುಬಿಡಬೇಕು.

ಆ ಮದ್ದಿನಿಂದ ಎಷ್ಟು ನಾಯಿ ಬದುಕಿದವು, ಎಷ್ಟು ತಾವಾಗಿಯೇ ಬದುಕಿಕೊಂಡವು ಎಂದು ಬೇರೆ ಮಾಡಿ ನೋಡಿದವರಿಲ್ಲ. ಬದುಕಿದವೆಲ್ಲ ಪುಟ್ಟಸಿದ್ದಮ್ಮನ ಕೈಗುಣಕ್ಕೆ, ಸತ್ತವೆಲ್ಲ ತಮ್ಮ ಹಣೆಬರಹಕ್ಕೆ. ಊರು ಹಂಚಿಕೊಟ್ಟಿದ್ದು ಹಾಗೆ, ಅವಳೂ ಬೇಡ ಎನ್ನಲಿಲ್ಲ. ಯಾರು ತಾನೇ ಅನ್ನುತ್ತಾರೆ?

ಗುಟ್ಟು ಅವಳಿಗೆ ಬಂದದ್ದು ಅತ್ತೆ ದೊಡ್ಡಮಾದಮ್ಮನಿಂದ. ಸೂರ್ಯಗ್ರಹಣದ ದಿನ ಕೆರೆಯಲ್ಲಿ ಸೊಂಟಮಟ್ಟ ನಿಲ್ಲಿಸಿ ಆ ಮುದುಕಿ ಕಿವಿಯಲ್ಲಿ ಹೆಸರು ಹೇಳಿದಾಗ, ಯಾವ ಸಂಜೀವಿನಿಯೋ ಎಂದುಕೊಂಡಿದ್ದ ಹೊಸ ಸೊಸೆಗೆ ನಗುವೇ ಬಂದುಬಿಟ್ಟಿತ್ತು.

“ಅಮೃತಬಳ್ಳಿಯಾ? ಅದು ನಮ್ಮ ಬಚ್ಚಲ ಹಿಂದ್ಗಡೆ ಗ್ವಾಡೆ ಮ್ಯಾಲೇ ಹಬ್ಕೊಂಡದಲ್ಲತ್ತೆ!”

“ಊಂ ಕಣಮ್ಮಿ, ಅದೇಯ,” ಎಂದಿದ್ದಳು ದೊಡ್ಡಮಾದಮ್ಮ. “ಅದ್ಕೇ ಕಾಡ್ಗೆ ಓಗಿ ಬರೋದು. ಹಿತ್ತಲ ಗಿಡ ಮದ್ದಲ್ಲ ಅಂತವೆ ಮುಂಡೇವು. ಕಾಡಿಂದ ತಂದೆ ಅಂದ್ರೆ ಕಣ್ಣಿಗೊತ್ಕೊಂಡು ಕುಡುಸ್ತವೆ. ಬಾಯ್ಬುಟ್ಟೀಯೆ, ಜ್ವಾಕೆ.”

ಅಂದಿನಿಂದ ಮೂವತ್ತೆಂಟು ವರ್ಷ ಪುಟ್ಟಸಿದ್ದಮ್ಮ ಭಾನುವಾರ ತಪ್ಪದೆ ಕಾಡಿನ ಅಂಚಿಗೆ ಹೋದಳು. ಆನೆ ದಾಟದಂತೆ ತೋಡಿದ ಕಂದಕದ ದಡದಲ್ಲಿ ಒಂದು ಗಳಿಗೆ ಕೂತು, ಕೈಗೆ ಸಿಕ್ಕ ನಾಲ್ಕು ಸೊಪ್ಪು ಟವೆಲಿನಲ್ಲಿ ಗಂಟು ಕಟ್ಟಿ, ಊರಿನವರ ಕಣ್ಣೆದುರೇ ಮನೆಗೆ ತಂದಳು. ಆಮೇಲೆ ಕದ ಮುಂದು ಮಾಡಿ, ಆ ಗಂಟನ್ನು ಒಲೆಗೆ ಹಾಕಿ, ಬಚ್ಚಲ ಹಿಂದಿನಿಂದ ಒಂದು ಗೇಣು ಬಳ್ಳಿ ಮುರಿದು ತಂದು, ಮೆಣಸು ಬೆಲ್ಲದ ಜೊತೆ ಜಜ್ಜಿ, ಗುರುತು ಸಿಗದ ಹಾಗೆ ರಾಗಿ ಹಿಟ್ಟಿನಲ್ಲಿ ಕದಡಿದಳು. ಕೊರೊನಾ ಬಂದಾಗ ಟೀವಿಯವರ ಮಾತು ಕೇಳಿ ಇಡೀ ಊರು ಅದೇ ಬಳ್ಳಿಯ ಕಷಾಯ ಕುಡಿಯಿತು. ಸೊಸೆ ಸುಧಾಮಣಿಯೂ ಆ ಗೋಡೆಯಿಂದಲೇ ಕಿತ್ತು, ಮುಖ ಕಿವುಚಿಕೊಂಡು ಕುಡಿದಳು. ಗುಟ್ಟು ಹೊರಬಿತ್ತೆಂದೇ ಪುಟ್ಟಸಿದ್ದಮ್ಮ ಆಗ ಹೆದರಿದ್ದಳು. ಯಾರಿಗೂ ಹೊಳೆಯಲಿಲ್ಲ. ಟೀವಿಯಲ್ಲಿ ಬರುವಂಥದ್ದು ಪುಟ್ಟಸಿದ್ದಮ್ಮನ ಮದ್ದಾಗಿರಲು ಹೇಗೆ ಸಾಧ್ಯ?

ಗುಟ್ಟು ಗೊತ್ತಿದ್ದ ಇನ್ನೊಂದು ಜೀವ ಹುರುಳಿ. ಕಂದಕದ ದಡದಲ್ಲಿ ಪಕ್ಕ ಕೂರುತ್ತಿತ್ತು, ಮನೆಗೆ ಬಂದ ಮೇಲೆ ಅವಳಿಗಿಂತ ಮುಂಚೆ ಬಚ್ಚಲ ಹಿಂದಕ್ಕೆ ಹೋಗಿ ಬಳ್ಳಿಯ ಬುಡದಲ್ಲಿ ನಿಂತು ಬಾಲ ಆಡಿಸುತ್ತಿತ್ತು. “ನೀನೊಬ್ಳು ಬಾಯ್ಬುಡಾಕಿಲ್ಲ ಕಣವ್ವ,” ಎಂದು ಪುಟ್ಟಸಿದ್ದಮ್ಮ ಅದರ ತಲೆ ಸವರುವಳು. ಭಾನುವಾರದ ಅವಳ ಮೊದಲ ಮಾತು ಅದೇ.

ಕಳೆದ ವರ್ಷ ಶ್ರಾವಣದ ಒಂದು ಭಾನುವಾರ ಕಂದಕದ ದಡ ನೆಂದು ಜಾರುತ್ತಿತ್ತು. ಬೇಡದ ಸೊಪ್ಪು ಕೀಳಲು ಬಗ್ಗಿದ ಪುಟ್ಟಸಿದ್ದಮ್ಮ ಕಾಲು ಜಾರಿ ಎಂಟಡಿ ಆಳಕ್ಕೆ ಬಿದ್ದಳು, ತೊಡೆಯ ಮೂಳೆ ಲಟಕ್ಕೆಂದಿತು. ಹುರುಳಿ ದಡದ ಮೇಲೆ ಹುಚ್ಚು ಹಿಡಿದಂತೆ ಬೊಗಳಿತು. ಆಮೇಲೆ ಓಡಿಹೋಗಿ, ಫಾರೆಸ್ಟ್ ವಾಚರ್ ಪುಟ್ಟಮಾದುವಿನ ಪ್ಯಾಂಟು ಕಚ್ಚಿ ಎಳೆದು ತಂದಿತು. ಆಂಬುಲೆನ್ಸಿನ ಬಾಗಿಲು ಹಾಕುವವರೆಗೂ ಅವಳ ಕೈ ನೆಕ್ಕುತ್ತಲೇ ಇತ್ತು.

ಚಾಮರಾಜನಗರದ ಆಸ್ಪತ್ರೆಯಲ್ಲಿ ಮೂಳೆಗೆ ರಾಡು ಹಾಕಿ, ಮೂರು ವಾರ ಮಲಗಿರಬೇಕು ಎಂದರು. ಬಸ್ ಡ್ರೈವರಾಗಿದ್ದ ಶಿವಮಲ್ಲು ಡ್ಯೂಟಿ ಬದಲಾಯಿಸಿಕೊಂಡು ಅವ್ವನ ಜೊತೆ ನಿಂತ. ಹಸು, ಹೊಲ, ನಾಯಿ ಸುಧಾಮಣಿಯ ಪಾಲಿಗೆ ಬಂದವು. ವಾರ್ಡಿನಲ್ಲಿ ಎರಡೇ ದಿನಕ್ಕೆ ಪುಟ್ಟಸಿದ್ದಮ್ಮ ಹೆಸರುವಾಸಿಯಾದಳು. ಪಕ್ಕದ ಮಂಚದ ಹೆಂಗಸಿನ ಅಣ್ಣನ ನಾಯಿ ಹಿಂದೊಮ್ಮೆ ಅವಳ ಮದ್ದಿಗೆ ಬದುಕಿತ್ತಂತೆ. ಆಕೆ ಬಂದವರಿಗೆಲ್ಲ, “ಕಾಡೊಳ್ಗೆ ಓಗಿ ಹುಲಿ ಓಡಾಡೋ ಜಾಗದಿಂದ ಮದ್ದು ತತ್ತಾರೆ ಈ ಅವ್ವ,” ಎಂದು ತೋರಿಸುತ್ತಿದ್ದಳು. ನರ್ಸಮ್ಮನೂ ತನ್ನ ಮನೆಯ ನಾಯಿಯ ಕಜ್ಜಿಯ ಬಗ್ಗೆ ಕೇಳಿ ಹೋದಳು. ಬಿದ್ದ ನೋವಿನಲ್ಲೂ ಪುಟ್ಟಸಿದ್ದಮ್ಮನಿಗೆ ಅದು ಹಿತವಾಗಿತ್ತು, ಸುಳ್ಳು ಯಾಕೆ ಹೇಳಬೇಕು.

ಮೂರನೆಯ ವಾರದ ಮಂಗಳವಾರ ಸುಧಾಮಣಿಯ ಫೋನು ಬಂತು.

“ಅತ್ತೆ, ಹುರುಳಿ ಮೂರು ದಿಸದಿಂದ ಹಿಟ್ಟು ಮುಟ್ಟಿಲ್ಲ. ನೀವಿಲ್ದೆ ಕೊರಗ್ತಾ ಅದೆ ಅಂತಿದ್ರು ಎಲ್ರೂವೆ. ಇವತ್ತು ಮೈ ಮುಟ್ಟುದ್ರೆ ಕೆಂಡ ಆಗದೆ. ಕಿವಿಯೊಳ್ಗೆಲ್ಲ ಉಣ್ಣೆ.”

“ಒಸಡು ನೋಡಿದ್ಯಾ?”

“ನೋಡ್ದೆ. ಸುಣ್ಣ ಬಳ್ದಂಗದೆ.”

ಪುಟ್ಟಸಿದ್ದಮ್ಮನಿಗೆ ಅಷ್ಟಕ್ಕೇ ಗೊತ್ತಾಯಿತು. ಉಣ್ಣೆ ಜ್ವರ. ಅವಳು ಮನೆಯಲ್ಲಿದ್ದಿದ್ದರೆ ವಾರಕ್ಕೊಮ್ಮೆ ನಾಯಿಯನ್ನು ಮಡಿಲಲ್ಲಿ ಹಾಕಿಕೊಂಡು ಉಣ್ಣೆ ಆರಿಸುತ್ತಿದ್ದಳು. ಆ ಹುಡುಗಿಗೆ ಹಸುಗಳ ಸಗಣಿ ಬಾಚಿ, ಚೆಂಡು ಹೂ ಕೊಯ್ದು, ಅದಕ್ಕೆ ಪುರುಸೊತ್ತಾದರೂ ಎಲ್ಲಿ.

“ಮದ್ದು ಯಾವ್ದು ಯೋಳಿ ಅತ್ತೆ,” ಎಂದಳು ಸುಧಾಮಣಿ. “ಪುಟ್ಟಮಾದಣ್ಣನ್ನ ಕರ್ಕೊಂಡು ನಾನೇ ಕಾಡ್ಗೆ ಓಯ್ತೀನಿ. ಎಲೆ ಎಂಗದೆ ಅಂತ ಯೋಳಿ, ಸಾಕು.”

ಒಂದೇ ಒಂದು ಮಾತು. ಹೇಳಿದ್ದರೆ ಸುಧಾಮಣಿ ಫೋನು ಕಿವಿಯಲ್ಲಿಟ್ಟುಕೊಂಡೇ ಹತ್ತು ಹೆಜ್ಜೆ ನಡೆದು ಕಿತ್ತುಕೊಳ್ಳುತ್ತಿದ್ದಳು. ಆದರೆ ಪಕ್ಕದ ಮಂಚದಾಕೆ ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿ ಇತ್ತಲೇ ಕಿವಿಯಿಟ್ಟಿದ್ದಳು. ಎದುರು ಮಂಚದವರೂ ತಿರುಗಿದ್ದರು. ಅಮೃತಬಳ್ಳಿ ಎಂದರೆ ಇವರು ಏನಂದಾರು? ಇಷ್ಟೇನಾ ಎನ್ನುತ್ತಾರೆ. ಮೂವತ್ತೆಂಟು ವರ್ಷ ಒದ್ದೆ ತಲೆಯಲ್ಲಿ ನಡೆದದ್ದು ನಾಟಕವಾ ಎನ್ನುತ್ತಾರೆ. ನಾಳೆ ಊರಲ್ಲಿ ಸುಧಾಮಣಿ, ಪುಟ್ಟಮಾದು, ಡೈರಿಯವರು, ಎಲ್ಲರ ಬಾಯಲ್ಲೂ ನಗೆ. ಹೆಸರು ಹೇಳಿದರೆ ಮದ್ದು ಕೈಬಿಡುತ್ತದೆ ಎಂಬ ಊರಿನ ಮಾತು ಆ ಹೊತ್ತಿಗೆ ಅವಳ ನೆನಪಿಗೂ ಬರಲಿಲ್ಲ. ಬಂದದ್ದು ನಾಚಿಕೆ, ಬರಿ ನಾಚಿಕೆ.

“ಕಾಡ್ ಮದ್ದು ಕಣಮ್ಮಿ, ಫೋನಲ್ಲಿ ಯೋಳಾಕಾಗಾಕಿಲ್ಲ. ನಾನು ಬಂದು ಕೊಡ್ತೀನಿ.”

“ನೀವು ಬರೋದು ಬರೋ ವಾರ ಅಲ್ವಾ ಅತ್ತೆ? ಅಂಗಾದ್ರೆ ಗುಂಡ್ಲುಪೇಟೆಗೆ, ದನದ ಡಾಕ್ಟ್ರು ತಾವ ಕರ್ಕೊಂಡೋಯ್ತೀನಿ.”

“ನನ್ ನಾಯ್ಗೆ ಸೂಜಿ ಚುಚ್ಚುಸ್ತೀಯಾ?” ಪುಟ್ಟಸಿದ್ದಮ್ಮನ ದನಿ ತಾನಾಗಿ ಏರಿತು. “ಪುಟ್ಟಸಿದ್ದಮ್ಮನ ನಾಯೇ ಡಾಕ್ಟ್ರು ತಾವ ಓಯ್ತು ಅಂತ ಊರೆಲ್ಲ ಆಡ್ಕೊಳ್ಳಿ ಅಂತಲಾ? ಬುಡು, ಬೆಲ್ಲದ ನೀರು ಕುಡುಸ್ತಾ ಇರು.”

ಫೋನು ಇಟ್ಟ ಮೇಲೆ ಪಕ್ಕದ ಮಂಚದಾಕೆ, “ಅದು ಸರಿ ಕಣವ್ವ, ಅಂಗೆಲ್ಲ ಯೋಳ್ಬಾರ್ದು,” ಎಂದು ಎರಡು ತೊಳೆ ಕಿತ್ತಳೆ ಕೊಟ್ಟಳು. ಪುಟ್ಟಸಿದ್ದಮ್ಮ ಅದನ್ನು ತಿಂದಳು.

ಬುಧವಾರ ಡಾಕ್ಟರು ಬಂದಾಗ ಮನೆಗೆ ಕಳಿಸಿ ಎಂದು ಕೈಮುಗಿದಳು. ಸೋಮವಾರದವರೆಗೆ ಆಗುವುದಿಲ್ಲ ಎಂದರು. ಶಿವಮಲ್ಲುವಿಗೆ ಹೇಳಿದಳು. “ನಾಯ್ಗೋಸ್ಕರ ಕಾಲು ಕಳ್ಕೊಂಡೀಯಾ? ಸುಮ್ನೆ ಮನಿಕೊ ಅವ್ವ,” ಎಂದ ಅವನು. ಅವನ ಕಿವಿಯಲ್ಲಾದರೂ ಹೇಳಬಹುದಿತ್ತು. ಮಗನೇ ತಾನೇ. ಮಗನಾದ್ದರಿಂದಲೇ ಆಗಲಿಲ್ಲ. ಅವ್ವ ಕಾಡಿಗೆ ಹೋಗುತ್ತಾಳೆ ಎಂದು ಚಿಕ್ಕವನಿದ್ದಾಗ ಪ್ರತಿ ಭಾನುವಾರ ಹೆದರಿ, ಅವಳು ಬರುವವರೆಗೂ ಜಗುಲಿಯ ಮೇಲೆ ಕಾದು ಕೂರುತ್ತಿದ್ದವನು ಅವನು.

ಗುರುವಾರ ಬೆಳಗ್ಗೆ ಅವಳಿಗೆ ತಡೆಯಲಾಗಲಿಲ್ಲ. ಇನ್ನೂ ವಾರ್ಡು ಎದ್ದಿರಲಿಲ್ಲ. ತಾನೇ ಫೋನು ಮಾಡಿದಳು. ಸುಧಾಮಣಿ ಮೊದಲ ರಿಂಗಿಗೇ ಎತ್ತಿದಳು.

“ಯೋಳಿ ಅತ್ತೆ. ನಿಂತ್ಕೊಳಾಕೂ ಆಯ್ತಿಲ್ಲ ಅದ್ಕೆ. ಬಚ್ಚಲ ಹಿಂದ್ಗಡೆ ಓಗಿ ಮನಿಕೊಂಬುಟ್ಟದೆ. ಮೂರು ಸಲ ಎತ್ಕೊಂಬಂದು ಜಗುಲಿ ಮ್ಯಾಲೆ ಹಾಕ್ದೆ, ತೆವ್ಳುಕೊಂಡು ಅಲ್ಗೇ ಓಯ್ತದೆ. ತಂಪದೆ ಅಂತೇನೋ.”

ತಂಪಿಗಲ್ಲ ಎಂದು ಪುಟ್ಟಸಿದ್ದಮ್ಮನೊಬ್ಬಳಿಗೆ ಗೊತ್ತಿತ್ತು. ನಾಯಿ ಅವಳಿಗಾಗಿ ಆ ಬಳ್ಳಿಯ ಬುಡದಲ್ಲಿ ಕಾಯುತ್ತಿದೆ. ಹೇಳಿಬಿಡುತ್ತೇನೆ ಎಂದುಕೊಂಡಳು. ನಾಲಿಗೆಯ ತುದಿಗೆ ಬಂದಿತ್ತು, ದೇವರಾಣೆಗೂ ಬಂದಿತ್ತು. ಅಷ್ಟರಲ್ಲಿ ಪಕ್ಕದ ಮಂಚದಾಕೆ ಮಗ್ಗುಲಾಗಿ ಕಣ್ಣುಬಿಟ್ಟಳು.

“ಬೆಲ್ಲದ ನೀರು ಕುಡುಸ್ದಾ?” ಎಂದಳು ಪುಟ್ಟಸಿದ್ದಮ್ಮ.

ಸುಧಾಮಣಿ ಫೋನಿಟ್ಟಳು.

ಶುಕ್ರವಾರ ಆ ಹುಡುಗಿ ಅತ್ತೆಯ ಮಾತು ಮೀರಿದಳು. ನಾಯಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಆಟೋದಲ್ಲಿ ಗುಂಡ್ಲುಪೇಟೆಗೆ ಒಯ್ದಳು. ಡಾಕ್ಟರು ಒಸಡು ನೋಡಿ, ರಕ್ತ ತೆಗೆದರೆ ಅದು ನೀರಿನಂತಿರುವುದನ್ನು ತೋರಿಸಿ, “ಎರಡು ಮೂರು ದಿನ ಮುಂಚೆ ತಂದಿದ್ದರೆ ಉಳಿಸಬಹುದಿತ್ತಮ್ಮ, ಇದಕ್ಕೆ ಒಳ್ಳೆ ಔಷಧಿ ಇದೆ,” ಎಂದರು. ಆದರೂ ಇಂಜೆಕ್ಷನ್ ಕೊಟ್ಟು ಕಳಿಸಿದರು. ಶನಿವಾರ ಬೆಳಗಾಗುವ ಹೊತ್ತಿಗೆ ಹುರುಳಿ ಬಚ್ಚಲ ಹಿಂದೆ ಸತ್ತಿತ್ತು.

ಸೋಮವಾರ ಪುಟ್ಟಸಿದ್ದಮ್ಮನನ್ನು ಕಾರಿನಿಂದ ಇಳಿಸಿ, ವಾಕರ್ ಹಿಡಿಸಿ, ಒಳಗೆ ಕರೆದುಕೊಂಡು ಹೋಗುವಷ್ಟರಲ್ಲಿ ಅವಳು ಹಿತ್ತಲಿಗೆ ಹೋಗಬೇಕೆಂದು ಹಟ ಹಿಡಿದಳು. ಬಚ್ಚಲ ಹಿಂದೆ ಹಸಿ ಮಣ್ಣಿನ ಗುಡ್ಡೆ, ಅದರ ಮೇಲೆ ನಾಲ್ಕು ಚೆಂಡು ಹೂ. ಗೋಡೆ ಬೋಳಾಗಿತ್ತು.

“ಇಲ್ಲಿ ಬಳ್ಳಿ ಇತ್ತಲ್ಲ?”

“ಹುರುಳಿ ಅದ್ರ ಬುಡುದಲ್ಲೇ ಸತ್ತಿತ್ತು ಅತ್ತೆ, ಅಲ್ಲೇ ಹೂಳವ ಅನ್ನುಸ್ತು,” ಎಂದಳು ಸುಧಾಮಣಿ. “ಗುಂಡಿ ತೋಡಾಕೆ ಬೇರು ಅಡ್ಡ ಬತ್ತಿತ್ತು. ಕಿತ್ತು ಬೇಲಿ ಮ್ಯಾಲೆ ಎಸ್ದೆ.”

ಪುಟ್ಟಸಿದ್ದಮ್ಮ ವಾಕರ್ ಹಿಡಿದ ಹಾಗೆಯೇ ಅತ್ತಳು. ಸುಧಾಮಣಿಯೂ ಅತ್ತಳು. ಇಬ್ಬರೂ ಒಂದೇ ಕಾರಣಕ್ಕೆ ಅಳುತ್ತಿದ್ದಾರೆ ಎಂದು ಸುಧಾಮಣಿ ತಿಳಿದಿದ್ದಳು.

ಊರು ಮಾತಾಡಿಸಲು ಬಂತು. ಬಂದವರೆಲ್ಲ ಒಂದೇ ರಾಗ ಎಳೆದರು. ಅವ್ವ ಊರಲ್ಲಿದ್ದಿದ್ದರೆ ನಾಯಿ ಸಾಯುತ್ತಿತ್ತಾ? ಅವಳ ಮದ್ದು ಅಂದರೆ ಏನು, ಕೈಗುಣ ಅಂದರೆ ಏನು! ಅವಳ ಕೈ ತಪ್ಪಿದ ಮೇಲೆ ನೋಡಿ, ಸೂಜಿ ಹಾಕಿದ ಮಾರನೆಯ ದಿನವೇ ಹೋಯಿತು. ಸತ್ತ ಎಮ್ಮೆಗೆ ಹಾಲು ಹೆಚ್ಚು ಎನ್ನುತ್ತಾರೆ, ಇಲ್ಲಿ ನಾಯಿ ಸತ್ತು ವೈದ್ಯಳ ಹೆಸರು ಹೆಚ್ಚಾಯಿತು. ಹೋಗುವಾಗ ಬಾಗಿಲಲ್ಲಿ ನಿಂತು, ಸುಧಾಮಣಿಗೆ ಕೇಳುವ ಹಾಗೆ, “ಡಾಕ್ಟ್ರು ತಾವ ತಕೊಂಡೋಗಿ ಕೊಂದ್ಲು” ಎಂದೂ ಹೇಳಿ ಹೋದರು. ಕೆಲವರು ಕನಿಕರದಿಂದ ಹೇಳಿದರು, ಅದೇ ಹೆಚ್ಚು ಚುಚ್ಚಿತು.

ಸುಧಾಮಣಿ ಅತ್ತೆಯ ಮುಖ ನೋಡಿದಳು, ಇವರಾದರೂ ಒಂದು ಮಾತು ಅಂದಾರೆಂದು. ಪುಟ್ಟಸಿದ್ದಮ್ಮ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದಳು. ಮನುಷ್ಯರು ಒಂದು ಸಲ ಸುಮ್ಮನಿದ್ದು ಕೆಟ್ಟರೆ ಬುದ್ಧಿ ಬರುತ್ತದೆ ಎನ್ನುವುದು ಸುಳ್ಳು. ಎರಡನೆಯ ಸಲ ಸುಮ್ಮನಿರುವುದು ಇನ್ನೂ ಸುಲಭ.

ಒಂದು ತಿಂಗಳು ಕಳೆಯಿತು. ಭಾನುವಾರಗಳಂದು ನಾಯಿಗಳು ಬಂದು ವಾಪಸು ಹೋಗುತ್ತಿದ್ದವು. ಅವ್ವ ಇನ್ನೂ ಕಾಡಿಗೆ ಹೋಗುವ ಹಾಗಿಲ್ಲವಲ್ಲ.

ಐದನೆಯ ಭಾನುವಾರ ಚಾಮರಾಜನಗರದಿಂದ ನೀಲಕಂಠಸ್ವಾಮಿ ಬಂದರು. ಬೀಜ ಗೊಬ್ಬರದ ಅಂಗಡಿಯವರು, ಹಿಂದೆ ಎರಡು ಸಲ ಬಂದು ಹೋಗಿದ್ದವರು. ಕಾರಿನ ಹಿಂದಿನ ಸೀಟಿನಲ್ಲಿ ಅವರ ಕಪ್ಪು ನಾಯಿ ಒಸಡು ಬೆಳ್ಳಗಾಗಿ ಮಲಗಿತ್ತು. ಅಕ್ಕಪಕ್ಕದ ನಾಲ್ಕು ಜನ ಬಂದು ಜಗುಲಿಯ ಮುಂದೆ ನಿಂತರು.

“ಡಾಕ್ಟರ ಹತ್ತಿರ ಹೋಗು ಅಂತಾರೆ ಮನೇಲಿ,” ಎಂದರು ನೀಲಕಂಠಸ್ವಾಮಿ. “ನಾನೇ ಬೇಡ ಅಂದೆ ಕಣವ್ವ. ನಿಮ್ಮ ಮನೆ ನಾಯಿ ಕತೆ ಕೇಳ್ದೆ. ನಿಮ್ಮ ಸೊಸೆ ಮಾಡಿದ ತಪ್ಪು ನಾನು ಮಾಡೋದಿಲ್ಲ.”

ಕಾಫಿ ಲೋಟ ತಂದಿದ್ದ ಸುಧಾಮಣಿ ಹೊಸಿಲಲ್ಲೇ ನಿಂತಳು. ಪುಟ್ಟಸಿದ್ದಮ್ಮ ಅವಳ ಮುಖ ನೋಡಿದಳು. ಇನ್ನೊಂದು ನಾಯಿ, ಇನ್ನೊಂದು ಸುಳ್ಳು; ಅದೂ ಈ ಹುಡುಗಿಯ ತಲೆಯ ಮೇಲೆ.

“ಅವಳೇನೂ ತಪ್ಪು ಮಾಡ್ಲಿಲ್ಲ ಸ್ವಾಮಿ,” ಎಂದಳು. “ನೀವು ಈಗ್ಲೇ ಗುಂಡ್ಲುಪೇಟೆ ಡಾಕ್ಟ್ರು ತಾವ ಓಗಿ. ನನ್ ಮದ್ದು ಕಾಡಿಂದಲ್ಲ. ಅಮೃತಬಳ್ಳಿ. ನಮ್ಮ ಬಚ್ಚಲ ಹಿಂದ್ಗಡೆ ಇತ್ತಲ್ಲ, ಅದೇಯ. ಮೊದ್ಲಿಂದ್ಲೂ ಅದೇಯ.”

ಜಗುಲಿಯ ಮುಂದೆ ನಿಂತಿದ್ದ ಪಕ್ಕದ ಮನೆಯ ಮೂಗಯ್ಯ ಮೆಲ್ಲಗೆ ನಕ್ಕ. ನೀಲಕಂಠಸ್ವಾಮಿಯವರೂ ನಕ್ಕರು.

“ಗುಟ್ಟು ಹೇಳಬೇಡಿ ಅವ್ವ, ನಾನು ಕೇಳೋದೂ ಇಲ್ಲ. ಅದಕ್ಕೆ ಅಮೃತಬಳ್ಳಿ ಅಂತ ಯಾಕೆ ಕಾಗೆ ಹಾರಿಸ್ತೀರಿ? ಅದು ನಮ್ಮ ಅಂಗಡಿ ಹಿಂದೇನೂ ಇದೆ. ಕಾಲು ಸರಿಹೋಗಲಿ, ಮುಂದಿನ ಭಾನುವಾರ ಬರ್ತೀನಿ.”

“ಮುಂದಿನ್ ಭಾನುವಾರದ್ ಗಂಟ ಅದು ಇರಾಕಿಲ್ಲ! ಡಾಕ್ಟ್ರು ತಾವ ಓಗಿ ಅಂದ್ನಲ್ಲ!” ಎಂದು ಪುಟ್ಟಸಿದ್ದಮ್ಮ ಕೂಗಿದಳು. ಅವರು ಆಗಲೇ ಕಾರು ಹತ್ತಿದ್ದರು. ಅವಳೇ ಕಲಿಸಿದ ನೇಮದ ಪ್ರಕಾರ ಹೇಳದೆ, ತಿರುಗಿ ನೋಡದೆ ಹೊರಟುಹೋದರು. ನಿಂತಿದ್ದವರೂ ಚದುರಿದರು. ಬಿದ್ದಾಗ ತಲೆಗೂ ಪೆಟ್ಟಾಗಿರಬೇಕು ಎಂದು ಮೂಗಯ್ಯ ಹೇಳಿದ್ದು ಕೇಳಿಸಿತು.

ನಂಬಿದವಳು ಒಬ್ಬಳೇ. ಸುಧಾಮಣಿ ಲೋಟ ಕೆಳಗಿಟ್ಟು ಹಿತ್ತಲಿಗೆ ಹೋದಳು. ಎಷ್ಟೋ ಹೊತ್ತಾದ ಮೇಲೆ ಬಂದಳು. ಕೈಯಲ್ಲಿ ಬೇಲಿಯ ಮೇಲೆ ಎಸೆದಿದ್ದ ಆ ಬಳ್ಳಿಯ ತುಂಡಿತ್ತು. ಬೇರು ನೆಲ ಮುಟ್ಟದಿದ್ದರೂ ಅದು ಸತ್ತಿರಲಿಲ್ಲ, ಗಿಣ್ಣುಗಿಣ್ಣಿಗೂ ಎಳೆಯ ಹಸಿರು ಎಲೆ ಒಡೆದಿತ್ತು. ಅದನ್ನು ಅತ್ತೆಯ ಮಡಿಲಲ್ಲಿ ಇಟ್ಟಳು.

“ಇದು ಉಳುಸ್ತಿತ್ತೋ ಇಲ್ವೋ ನಂಗೊತ್ತಿಲ್ಲ ಅತ್ತೆ,” ಎಂದಳು. “ಇದ್ರ ಬುಡುದಲ್ಲೇ ಮೂರು ದಿಸ ನಿಮ್ ದಾರಿ ನೋಡ್ತಾ ಮನಗಿತ್ತು. ನಾನು ಕೈಮುಗ್ದು ಕೇಳ್ದೆ. ಡಾಕ್ಟ್ರು ತಾವಕ್ಕಾದ್ರೂ ಮಂಗಳವಾರ್ವೇ ಕಳುಸ್ಬೌದಿತ್ತು ನೀವು.”

ಪುಟ್ಟಸಿದ್ದಮ್ಮ ಬಾಯಿ ತೆರೆದಳು. ಸುಧಾಮಣಿ ಕೈ ಅಡ್ಡ ಹಿಡಿದಳು. “ಬ್ಯಾಡಿ. ಇವತ್ತು ಭಾನುವಾರ.”

ನೀಲಕಂಠಸ್ವಾಮಿಯವರ ನಾಯಿ ಬುಧವಾರ ಸತ್ತಿತೆಂದು ಆಮೇಲೆ ಗೊತ್ತಾಯಿತು. ಪುಟ್ಟಸಿದ್ದಮ್ಮನಿಗೆ ಈಗ ಕೋಲೂರಿ ನಡೆಯಲು ಬರುತ್ತದೆ, ಆದರೆ ಕಾಡಿನ ಕಡೆ ಹೋಗುವುದಿಲ್ಲ. ಸುಧಾಮಣಿ ಹೊತ್ತು ಹೊತ್ತಿಗೆ ಹಿಟ್ಟು ಇಕ್ಕುತ್ತಾಳೆ, ಕಾಲಿಗೆ ಎಣ್ಣೆ ತಿಕ್ಕುತ್ತಾಳೆ, ಗುಳಿಗೆ ಕೊಡುತ್ತಾಳೆ. ಯಾವುದರಲ್ಲೂ ಒಂದು ಕೊರತೆ ಮಾಡಿಲ್ಲ. ಮಾತು ಮಾತ್ರ ಆಡುವುದಿಲ್ಲ, ಯಾವ ವಾರವೂ.